ಡೈಮ್ಯುವಾನ್ ನಕ್ಷೆಯಲ್ಲಿ 820 ಜಿಇವಿ ಬಳಿ ಉಬ್ಬು: ಹೊಸ ಕಣ ಎನ್ನುವ ಮೊದಲು ಏನೇನು ನೋಡಬೇಕು?

ಬಿನ್_ಎಣಿಕೆ ಕೇಳಿದ್ದು:

ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಸಿಎಂಎಸ್ ಪ್ರಯೋಗದ ಮುಕ್ತ ದತ್ತಾಂಶದಲ್ಲಿ 2012ರ ಡಬಲ್‌ಮ್ಯುಪಾರ್ಕ್ಡ್ ಫೈಲು ಇದೆಯಲ್ಲ, ಮ್ಯುವಾನ್ (ಎಲೆಕ್ಟ್ರಾನಿನಂಥದೇ ಭಾರದ ಕಣ) ಮಾಹಿತಿ ಮಾತ್ರ ಉಳಿಸಿಕೊಂಡ ಚಿಕ್ಕ ಆವೃತ್ತಿ, ಅದನ್ನು ಬಳಸುತ್ತಿದ್ದೇನೆ. ಡಿಕ್ಕಿಯ ಶಕ್ತಿ 8 ಟಿಇವಿ (1 ಟಿಇವಿ = 1000 ಜಿಇವಿ, ಶಕ್ತಿಗೂ ದ್ರವ್ಯರಾಶಿಗೂ ಬಳಸುವ ಏಕಮಾನ), ರನ್ (ದತ್ತಾಂಶ ಸಂಗ್ರಹದ ಅವಧಿ) ಬಿ ಮತ್ತು ಸಿ ಸೇರಿ ಸುಮಾರು 11.6 ವಿಲೋಮ ಫೆಮ್ಟೊಬಾರ್ನ್ (ಒಟ್ಟು ಡಿಕ್ಕಿಗಳ ಪ್ರಮಾಣದ ಅಳತೆ), 6.15 ಕೋಟಿಯಷ್ಟು ಘಟನೆಗಳು. ಆಯ್ಕೆ ಸರಳ: ಸರಿಯಾಗಿ ಎರಡೇ ಮ್ಯುವಾನ್, ವಿರುದ್ಧ ಆವೇಶ. ಜೋಡಿಯ ದ್ರವ್ಯರಾಶಿಯ ವರ್ಗ = 2 × ಪಿಟಿ1 × ಪಿಟಿ2 × (ಕಾಶ್ ಡೆಲ್ಟಾ-ಈಟಾ − ಕಾಸ್ ಡೆಲ್ಟಾ-ಫೈ) ಎಂದು ಲೆಕ್ಕ ಹಾಕಿದ್ದೇನೆ (ಪಿಟಿ ಎಂದರೆ ಕಿರಣಕ್ಕೆ ಅಡ್ಡಲಾದ ಸಂವೇಗ; ಈಟಾ, ಫೈ ಹಾರಿದ ದಿಕ್ಕು ಹೇಳುವ ಸಂಖ್ಯೆಗಳು). 3.1ರಲ್ಲಿ ಜೆ-ಸೈ, 9.46ರಲ್ಲಿ ಅಪ್ಸಿಲಾನ್, 91ರಲ್ಲಿ ಝಡ್, ಗೊತ್ತಿರುವ ಈ ಕಣಗಳೆಲ್ಲ ಅದರದರ ಜಾಗದಲ್ಲೇ ಬಂದಿವೆ.

ಎರಡು ಕಡೆ ಅನುಮಾನ. ಒಂದು, 20ರಿಂದ 40 ಜಿಇವಿವರೆಗೆ ಅಗಲವಾದ ದಿಬ್ಬ. ಇನ್ನೊಂದು, 790ರಿಂದ 850ರೊಳಗೆ ಅಕ್ಕಪಕ್ಕದ ಇಳಿಜಾರಿನ ಪ್ರಕಾರ 16 ಘಟನೆ ಇರಬೇಕಾದಲ್ಲಿ 28 ಇವೆ. ಹೆಚ್ಚುವರಿ 12 ಭಾಗಿಸು 16ರ ವರ್ಗಮೂಲ 4, ಅಂದರೆ 3 ಸಿಗ್ಮಾ (ಸಿಗ್ಮಾ ಎಂದರೆ ಸಹಜ ಏರಿಳಿತದ ಅಳತೆ). ಇದನ್ನು ಹೇಗೆ ಪರೀಕ್ಷಿಸುವುದು? ಯಾವ ಕ್ರಮದಲ್ಲಿ?

ಟ್ರಿಗರ್_ತಿಮ್ಮ:

ದಿಬ್ಬದ ವಿಷಯ ಮೊದಲು ಮುಗಿಸೋಣ, ಅದು ಸುಲಭ. ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗೊಂಚಲುಗಳು ಸೆಕೆಂಡಿಗೆ ಹೆಚ್ಚೂಕಡಿಮೆ 4 ಕೋಟಿ ಸಲ ಎದುರುಬದುರಾಗಬಲ್ಲವು (2012ರಲ್ಲಿ 50 ನ್ಯಾನೊಸೆಕೆಂಡ್ ಅಂತರವಿದ್ದುದರಿಂದ ಅದರ ಅರ್ಧ). ಡಿಸ್ಕಿಗೆ ಬರುವುದು ಸಾವಿರದ ಆಸುಪಾಸು. ಉಳಿದದ್ದನ್ನು ಟ್ರಿಗರ್ (ಯಾವ ಘಟನೆ ಉಳಿಸಬೇಕೆಂದು ಆರಿಸುವ ವ್ಯವಸ್ಥೆ) ಅಲ್ಲಲ್ಲೇ ಬಿಸಾಡುತ್ತದೆ, ಮತ್ತೆ ಸಿಗುವುದಿಲ್ಲ. ಹಾಗಾಗಿ ನೀವು ನೋಡುತ್ತಿರುವುದು ಪ್ರಕೃತಿಯ ನಕ್ಷೆಯಲ್ಲ, ಟ್ರಿಗರ್ ಜರಡಿ ಹಿಡಿದ ನಕ್ಷೆ.

2012ರ ಮುಖ್ಯ ಜೋಡಿ ಟ್ರಿಗರ್ ಒಂದು ಮ್ಯುವಾನಿಗೆ 17, ಇನ್ನೊಂದಕ್ಕೆ 8 ಜಿಇವಿ ಪಿಟಿ ಕೇಳುತ್ತಿತ್ತು. ಎರಡೂ ಎದುರುಬದುರು ಹಾರಿದರೆ ದ್ರವ್ಯರಾಶಿ ಕನಿಷ್ಠ 2 × √(17×8), ಅಂದರೆ 23ರ ಮೇಲೆ. ಅದಕ್ಕಿಂತ ಹಗುರವಾದ ಜೋಡಿ ಈ ಜರಡಿ ದಾಟಬೇಕಾದರೆ ಎದುರಿನಿಂದ ಒಂದು ಜೆಟ್ (ಒಂದೇ ದಿಕ್ಕಿಗೆ ಹಾರುವ ಕಣಗಳ ಗುಂಪು) ಒದ್ದಿರಬೇಕು, ಅಂಥವು ಕಡಿಮೆ. 23ರಿಂದ ಆಚೆ ದಾರಿ ತೆರೆಯುತ್ತದೆ, ನಕ್ಷೆ ಏರುತ್ತದೆ. ಆಮೇಲೆ ಡ್ರೆಲ್-ಯಾನ್ (ಕ್ವಾರ್ಕ್-ಪ್ರತಿಕ್ವಾರ್ಕ್‌ನಿಂದ ಮ್ಯುವಾನ್ ಜೋಡಿ ಹುಟ್ಟುವ ಸಾಮಾನ್ಯ ಪ್ರಕ್ರಿಯೆ) ಹಿನ್ನೆಲೆ ತಾನಾಗಿ ಇಳಿಯುತ್ತದೆ. ಏರಿಕೆ, ಇಳಿಕೆ ಸೇರಿ ದಿಬ್ಬ. ಪಾರ್ಕ್ಡ್ (ಎತ್ತಿಟ್ಟು ಆಮೇಲೆ ಸಂಸ್ಕರಿಸಿದ) ದತ್ತಾಂಶದಲ್ಲಿ ಇನ್ನೂ ಕೆಳಗಿನ ಮಿತಿಯ ಟ್ರಿಗರ್‌ಗಳೂ ಬೆರೆತಿರುವುದರಿಂದ ಅಂಚು ಚೂಪಾಗಿಲ್ಲ, ಅಷ್ಟೇ.

ಪರೀಕ್ಷೆ ಎರಡು ಸಾಲಿನ ಕೋಡ್: ಎರಡೂ ಮ್ಯುವಾನ್‌ಗಳಿಗೆ ಪಿಟಿ 25ಕ್ಕಿಂತ ಹೆಚ್ಚು ಎಂದು ಹಾಕಿ ಮತ್ತೆ ಬಿಡಿಸಿ. ದಿಬ್ಬ 50ರ ಕಡೆಗೆ ಸರಿಯುತ್ತದೆ. ಜೆ-ಸೈ ಅಥವಾ ಝಡ್ ಹಾಗೆ ಸರಿಯುವುದಿಲ್ಲ: ಎತ್ತರ ಕುಗ್ಗಬಹುದು, ಜಾಗ ಕದಲುವುದಿಲ್ಲ. ಕಟ್ (ಆಯ್ಕೆಯ ಮಿತಿ) ಜೊತೆ ನಡೆದು ಹೋಗುವ ಉಬ್ಬು ಕಣವಲ್ಲ.

ಅರ್ಧ_ಸಿಗ್ಮಾ:

820ರದ್ದಕ್ಕೆ ಬರುತ್ತೇನೆ. ಅಂಕಿಅಂಶಕ್ಕೆ ಮೊದಲು ಡಿಟೆಕ್ಟರ್ ಪ್ರಶ್ನೆ.

ಸಿಎಂಎಸ್ 3.8 ಟೆಸ್ಲಾ ಕಾಂತಕ್ಷೇತ್ರದಲ್ಲಿ ಮ್ಯುವಾನ್ ಎಷ್ಟು ಬಾಗಿತು ಎಂಬುದರಿಂದ ಸಂವೇಗ ಅಳೆಯುತ್ತದೆ. 40 ಜಿಇವಿ ಮ್ಯುವಾನಿನ ದಾರಿ 1.1 ಮೀಟರ್ ತ್ರಿಜ್ಯದ ಟ್ರ್ಯಾಕರ್‌ನೊಳಗೆ ನೇರ ಗೆರೆಯಿಂದ ಸುಮಾರು 4 ಮಿಲಿಮೀಟರ್ ಬಾಗುತ್ತದೆ. 400 ಜಿಇವಿಯದ್ದು ಅರ್ಧ ಮಿಲಿಮೀಟರೂ ಇಲ್ಲ. 820ರ ಜೋಡಿ ಎಂದರೆ ತಲಾ 400 ಆಸುಪಾಸಿನ ಮ್ಯುವಾನ್‌ಗಳು, ಹೊರಗಿನ ಮ್ಯುವಾನ್ ಚೇಂಬರ್‌ಗಳ ನೆರವಿದ್ದರೂ ದ್ರವ್ಯರಾಶಿಯ ಮಸುಕು ಸುಮಾರು 3 ಶೇಕಡಾ, 25 ಜಿಇವಿ. ನಿಮ್ಮ 60 ಜಿಇವಿ ಕಿಟಕಿ ಇದಕ್ಕೆ ಹೊಂದುತ್ತದೆ. ಆದರೆ ಒಳಗೆ 10 ಜಿಇವಿ ಬಿನ್ (ಎಣಿಕೆಯ ತುಂಡು) ಹಾಕಿ ನೋಡಿ. ಹೆಚ್ಚುವರಿ 12 ಘಟನೆಗಳೂ ಒಂದೇ ಬಿನ್‌ನಲ್ಲಿ ಕೂತಿದ್ದರೆ ಅದು ಕಣವಾಗಲಾರದು. ಡಿಟೆಕ್ಟರ್‌ನ ಮಸುಕಿಗಿಂತ ಕಿರಿದಾದ ಶಿಖರ ಇರುವುದಿಲ್ಲ.

ದೊಡ್ಡ ತೊಂದರೆ ನಿಮ್ಮ ಫೈಲಿನದು. ಅದರಲ್ಲಿರುವುದು ಮ್ಯುವಾನ್ ಸಂಖ್ಯೆ, ಪಿಟಿ, ಈಟಾ, ಫೈ, ದ್ರವ್ಯರಾಶಿ, ಆವೇಶ, ಇಷ್ಟೇ. ಗುಣಮಟ್ಟದ ಗುರುತಿಲ್ಲ, ಐಸೊಲೇಶನ್ (ಸುತ್ತ ಬೇರೆ ಕಣಗಳು ಎಷ್ಟಿವೆ ಎಂಬ ಅಳತೆ) ಇಲ್ಲ, ರನ್ ಸಂಖ್ಯೆಯೂ ಇಲ್ಲ. ಝಡ್ ತನಕ ಪಾಠಕ್ಕೆ ಚೆನ್ನಾಗಿದೆ, 500ರ ಮೇಲೆ ಕೈಕೊಡುತ್ತದೆ. ಅಲ್ಲಿ ಬರುವ ಕಸ ಮುಖ್ಯವಾಗಿ ಎರಡು ಬಗೆ. ಒಂದು, 30 ಜಿಇವಿ ಮ್ಯುವಾನ್ ತಪ್ಪಾಗಿ ಅಳೆಯಲ್ಪಟ್ಟು 500 ಎಂದು ತೋರುವುದು. ಇದು ಸಾವಿರದಲ್ಲೊಂದು ಇದ್ದರೂ ಸಾಕು, ಯಾಕೆಂದರೆ ಕೆಳಗಿನ ರಾಶಿ ಅಷ್ಟು ದೊಡ್ಡದು. ಎರಡು, ಕಾಸ್ಮಿಕ್ ಮ್ಯುವಾನ್: ಆಕಾಶದಿಂದ ಬಂದ ಒಂದೇ ಮ್ಯುವಾನ್ ಮೇಲಿನಿಂದ ಕೆಳಕ್ಕೆ ತೂರಿ ಹೋದರೆ, ಪ್ರೋಗ್ರಾಂ ಅದನ್ನು ನಡುವಿನಿಂದ ಎರಡು ಕಡೆ ಹಾರಿದ ಜೋಡಿ ಎಂದು ಓದುತ್ತದೆ. ಆವೇಶ ವಿರುದ್ಧ, ಪಿಟಿ ಸಮ, ಕೋನ ಸರಿಯಾಗಿ 180 ಡಿಗ್ರಿ. ನೋಡಲು ಎಷ್ಟು ಚೆಂದದ ಘಟನೆ ಎನಿಸುತ್ತದೆ! ಅದಕ್ಕೇ ಸಿಎಂಎಸ್ ವಿಶ್ಲೇಷಣೆಗಳಲ್ಲಿ ಎರಡು ಮ್ಯುವಾನ್‌ಗಳ ನಡುವಿನ ಕೋನ ಪೈಗಿಂತ ಕನಿಷ್ಠ 0.02 ರೇಡಿಯನ್ ಕಡಿಮೆ ಇರಬೇಕು ಎಂಬ ನಿಯಮ. ಇದನ್ನು ಈಟಾ, ಫೈಗಳಿಂದಲೇ ಲೆಕ್ಕ ಹಾಕಬಹುದು, ಇವತ್ತೇ ಹಾಕಿ ನೋಡಿ. ಜೊತೆಗೆ ಒಂದೇ ಆವೇಶದ ಜೋಡಿಗಳ ನಕ್ಷೆ ಬಿಡಿಸಿ: ಅಲ್ಲೂ 800ರ ಸುತ್ತ ಗಣನೀಯ ಎಣಿಕೆ ಇದ್ದರೆ ನಿಮ್ಮ 28ರಲ್ಲಿ ಎಷ್ಟೋ ಪಾಲು ತಪ್ಪು ಅಳತೆಯದು.

ಈಗ ಲೆಕ್ಕ. ಹೆಚ್ಚುವರಿಯನ್ನು ಹಿನ್ನೆಲೆಯ ವರ್ಗಮೂಲದಿಂದ ಭಾಗಿಸುವುದು ಎಣಿಕೆ ನೂರಾರು ಇದ್ದಾಗ ಪರವಾಗಿಲ್ಲ, 16ಕ್ಕೆ ಸಲ್ಲದು. ಪ್ವಾಸಾನ್‌ಗೆ ಹೊಂದುವ ಸೂತ್ರ: √(2 × (ಎನ್ × ಲಾಗ್(ಎನ್/ಬಿ) − (ಎನ್ − ಬಿ))), ಎನ್ ಎಂದರೆ ಕಂಡ ಎಣಿಕೆ, ಬಿ ಎಂದರೆ ಹಿನ್ನೆಲೆ, ಲಾಗ್ ಎಂದರೆ ಸ್ವಾಭಾವಿಕ ಲಾಗ್. ಎನ್ 28, ಬಿ 16 ಹಾಕಿದರೆ 2.7 ಸಿಗ್ಮಾ. ಹಿನ್ನೆಲೆಯ ಮೇಲೆಯೇ 10 ಶೇಕಡಾ ಅನಿಶ್ಚಿತತೆ ಸೇರಿಸಿದರೆ 2.5ಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು, ನೀವು 820ನ್ನು ಮೊದಲೇ ಆರಿಸಿಕೊಂಡಿರಲಿಲ್ಲ. 120ರಿಂದ 1500ವರೆಗೆ ಕಣ್ಣಾಡಿಸಿ ಎದ್ದು ಕಂಡಲ್ಲಿ ನಿಂತಿರಿ. 3 ಶೇಕಡಾ ಮಸುಕಿನ ಪ್ರಕಾರ ಆ ಹಾದಿಯಲ್ಲಿ ಸುಮಾರು 40 ಸ್ವತಂತ್ರ ಕಿಟಕಿಗಳಿವೆ. 2.7 ಸಿಗ್ಮಾದ ಸ್ಥಳೀಯ ಸಂಭವನೀಯತೆ 0.0035. 40ರಲ್ಲಿ ಎಲ್ಲಾದರೂ ಒಂದು ಕಡೆ ಅಷ್ಟು ಏರುವ ಸಂಭವನೀಯತೆ 13 ಶೇಕಡಾ. ಜಾಗತಿಕವಾಗಿ, ಅಂದರೆ ಪೂರ್ತಿ ಹಾದಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 1.1 ಸಿಗ್ಮಾ. 2.5 ತೆಗೆದುಕೊಂಡರೆ 22 ಶೇಕಡಾ, 0.8 ಸಿಗ್ಮಾ.

ಪಕ್ಕದ_ಪಟ್ಟಿ:

ಮೇಲಿನದರಲ್ಲಿ ಒಂದು ತಿದ್ದುಪಡಿ. 40 ಎಂಬುದು ಕನಿಷ್ಠ. ಕಿಟಕಿಯನ್ನು ಒಂದರ ಪಕ್ಕ ಒಂದು ಇಟ್ಟಾಗ ಅಷ್ಟು, ಆದರೆ ಯಾರೂ ಹಾಗೆ ಹುಡುಕುವುದಿಲ್ಲ, 1 ಜಿಇವಿ ಹೆಜ್ಜೆಯಲ್ಲಿ ಜಾರಿಸುತ್ತಾ ಹೋಗುತ್ತಾರೆ. ಆಗ ಅದೃಷ್ಟಕ್ಕೆ ಅವಕಾಶ ಇನ್ನೂ ಹೆಚ್ಚು. ಸರಿಯಾದ ದಾರಿ: ಹಿನ್ನೆಲೆ ಮಾತ್ರ ಇರುವ 1000 ಕೃತಕ ನಕ್ಷೆ ಹುಟ್ಟಿಸಿ, ಪ್ರತಿಯೊಂದರಲ್ಲೂ ಅದೇ ಸ್ಕ್ಯಾನ್ ನಡೆಸಿ, ಅತಿ ದೊಡ್ಡ ಉಬ್ಬು ನಿಮ್ಮದಕ್ಕಿಂತ ಮಿಗಿಲಾದದ್ದು ಎಷ್ಟು ಸಲ ಎಂದು ಎಣಿಸಿ. 13 ಶೇಕಡಾ ಮಟ್ಟದ ಸಂಖ್ಯೆಗೆ 1000 ಸಾಕು, ದೋಷ 1 ಶೇಕಡಾ ಬರುತ್ತದೆ. 5 ಸಿಗ್ಮಾ ಎಂದರೆ 35 ಲಕ್ಷದಲ್ಲೊಂದು, ಅದಕ್ಕೆ ಕೋಟಿಗಟ್ಟಲೆ ಬೇಕಾಗುತ್ತದೆ. ಅಲ್ಲಿ ಗ್ರಾಸ್ ಮತ್ತು ವಿಟೆಲ್ಸ್ 2010ರಲ್ಲಿ ಕೊಟ್ಟ ಉಪಾಯ ಬಳಸುತ್ತಾರೆ: ನೂರರಷ್ಟು ಕೃತಕ ನಕ್ಷೆಗಳಲ್ಲಿ ಸ್ಕ್ಯಾನ್ ಗೆರೆ ಒಂದು ಕೆಳಮಟ್ಟವನ್ನು ಎಷ್ಟು ಸಲ ಮೇಲ್ಮುಖವಾಗಿ ದಾಟಿತು ಎಂದು ಎಣಿಸಿ, ಎತ್ತರದ ಮಟ್ಟಕ್ಕೆ ಸೂತ್ರದಿಂದ ಒಯ್ಯುವುದು.

ಆದರೆ ನನ್ನ ಮಟ್ಟಿಗೆ ಇಲ್ಲಿ ಹೆಚ್ಚು ಜನ ಎಡವುವುದು ಸಿಗ್ಮಾದಲ್ಲಲ್ಲ, 16 ಎಲ್ಲಿಂದ ಬಂತು ಎಂಬಲ್ಲಿ. "ಅಕ್ಕಪಕ್ಕದ ಇಳಿಜಾರು" ಎಂದರೆ ಕಣ್ಣಳತೆಯೇ? 120ರ ಮೇಲಿನ ಪೂರ್ತಿ ನಕ್ಷೆಗೆ ಒಂದೇ ನಯವಾದ ಫಂಕ್ಷನ್ ಹಾಕಬೇಕು. ದ್ರವ್ಯರಾಶಿಯ ಘಾತಕ್ಕೆ ಎಕ್ಸ್‌ಪೊನೆನ್ಶಿಯಲ್ ಗುಣಿಸಿದ ರೂಪ ಡ್ರೆಲ್-ಯಾನ್ ಬಾಲಕ್ಕೆ ಚೆನ್ನಾಗಿ ಕೂರುತ್ತದೆ. ಪ್ಯಾರಾಮೀಟರ್ ಎಷ್ಟಿರಬೇಕು ಎಂಬುದಕ್ಕೆ ಎಫ್-ಪರೀಕ್ಷೆ: ಒಂದು ಸೇರಿಸಿದಾಗ ಫಿಟ್ ಗಮನಾರ್ಹವಾಗಿ ಸುಧಾರಿಸದಿದ್ದರೆ ನಿಲ್ಲಿಸಿ. ಕಡಿಮೆಯಾದರೆ ಗೆರೆ ಬಾಗದೆ ಸುಳ್ಳು ಉಬ್ಬು ಏಳುತ್ತದೆ, ಹೆಚ್ಚಾದರೆ ಗೆರೆಯೇ ಬಾಗಿ ನಿಜವಾದ ಉಬ್ಬನ್ನು ನುಂಗುತ್ತದೆ.

ಇದರ ಮೇಲೊಂದು ಪರೀಕ್ಷೆ ಕಡ್ಡಾಯ: ಸಂಕೇತವೇ ಇಲ್ಲದ ಸಿಮ್ಯುಲೇಶನ್ ನಕ್ಷೆಗೆ ಸಂಕೇತ ಮತ್ತು ಹಿನ್ನೆಲೆ ಎರಡನ್ನೂ ಫಿಟ್ ಮಾಡಿ. ಸೊನ್ನೆ ಬರಬೇಕಾದಲ್ಲಿ ಎಷ್ಟು ಘಟನೆ ಬಂತು? ಅದು ಆ ಜಾಗದ ಅಂಕಿಅಂಶ ದೋಷದ 20 ಶೇಕಡಾ ಮೀರಿದರೆ ಆ ಫಂಕ್ಷನ್ ಬಿಟ್ಟುಬಿಡಿ. ಹಿನ್ನೆಲೆಯಲ್ಲಿ ಟಾಪ್ ಕ್ವಾರ್ಕ್ ಜೋಡಿಗಳ ಪಾಲೂ ಇದೆ, ಅದನ್ನು ಒಂದು ಎಲೆಕ್ಟ್ರಾನ್ ಒಂದು ಮ್ಯುವಾನ್ ಇರುವ ಘಟನೆಗಳಿಂದ ಅಳೆಯಬಹುದು. ಡ್ರೆಲ್-ಯಾನ್ ಅಲ್ಲಿಗೆ ಹೆಚ್ಚೂಕಡಿಮೆ ಬರುವುದೇ ಇಲ್ಲ.

ಬಿನ್_ಎಣಿಕೆ:

ಪಿಟಿ 25 ಹಾಕಿದೆ, ದಿಬ್ಬ ಹೇಳಿದ ಹಾಗೇ 50ರ ಮೇಲೆ ಹೋಯಿತು. ಕೋನದ ಕಟ್ ಹಾಕಿದ ಮೇಲೆ 28 ಇದ್ದದ್ದು 23. ಪಕ್ಕದ ಪಟ್ಟಿಗಳೂ ಇಳಿದು ಹಿನ್ನೆಲೆ 15 ಆಗಿದೆ. ಹಾಗಿದ್ದರೆ ಉಳಿದದ್ದನ್ನು ತೀರ್ಮಾನಿಸಲು 2016ರ ದತ್ತಾಂಶ ಬಳಸಬಹುದೇ? 2015ರಲ್ಲಿ 750 ಜಿಇವಿ ಬಳಿ ಕಂಡ ಉಬ್ಬಿನ ಕಥೆಯಲ್ಲೂ ಹೊಸ ದತ್ತಾಂಶವೇ ತೀರ್ಪು ಕೊಟ್ಟಿದ್ದಲ್ಲವೇ?

ಅರ್ಧ_ಸಿಗ್ಮಾ:

23ಕ್ಕೆ 15 ಎಂದರೆ ಅದೇ ಸೂತ್ರದಲ್ಲಿ 1.9. ಕಟ್ ಹಾಕಿದ್ದಕ್ಕೆ ಅರ್ಧ ಕೆಲಸ ಮುಗಿಯಿತು.

750ರ ವಿಷಯ ಹೌದು. 2015ರ ಡಿಸೆಂಬರ್ 15ರಂದು ಎಲ್‌ಎಚ್‌ಸಿಯ ಇನ್ನೊಂದು ಪ್ರಯೋಗ ಅಟ್ಲಾಸ್ 3.2 ವಿಲೋಮ ಫೆಮ್ಟೊಬಾರ್ನ್‌ನಲ್ಲಿ ಎರಡು ಫೋಟಾನ್‌ಗಳ ನಕ್ಷೆ ತೋರಿಸಿದಾಗ ಕಿರಿದಾದ ಶಿಖರವೆಂದು ಲೆಕ್ಕ ಹಾಕಿದರೆ ಸ್ಥಳೀಯ 3.6, ಜಾಗತಿಕ 2.0 ಸಿಗ್ಮಾ. ಸಿಎಂಎಸ್‌ನದು 2.6 ಸ್ಥಳೀಯ, 1.2 ಜಾಗತಿಕ. ಎರಡೂ ಪ್ರಯೋಗ ಒಂದೇ ಕಡೆ ಬೆರಳು ತೋರಿಸಿದ್ದರಿಂದ ನೂರಾರು ಸಿದ್ಧಾಂತ ಪ್ರಬಂಧಗಳು ಸುರಿದವು. 2016ರ ಆಗಸ್ಟ್‌ನಲ್ಲಿ ಶಿಕಾಗೋ ಸಮ್ಮೇಳನಕ್ಕೆ ನಾಲ್ಕೈದು ಪಟ್ಟು ದತ್ತಾಂಶ ಬಂದಾಗ ಉಬ್ಬು ಅಳಿಸಿಹೋಗಿತ್ತು. ಅಲ್ಲಿ ಯಾರೂ ತಪ್ಪು ಮಾಡಿರಲಿಲ್ಲ ಎಂಬುದನ್ನು ಮರೆಯಬೇಡಿ, ಜಾಗತಿಕ ಸಂಖ್ಯೆ ಮೊದಲ ದಿನವೇ ಎಚ್ಚರಿಸಿತ್ತು, ಓದಲು ಯಾರಿಗೂ ತಾಳ್ಮೆ ಇರಲಿಲ್ಲ. ಹಳೆಯ ಉದಾಹರಣೆ ಬೇಕಿದ್ದರೆ 1976ರಲ್ಲಿ ಫರ್ಮಿಲ್ಯಾಬ್‌ನಲ್ಲಿ ಎಲೆಕ್ಟ್ರಾನ್ ಜೋಡಿಗಳಲ್ಲಿ 6 ಜಿಇವಿ ಬಳಿ ಕಂಡದ್ದು. ಅದು ಆವಿಯಾಯಿತು. ಮರುವರ್ಷ ಅದೇ ತಂಡ 9.5ರಲ್ಲಿ ನಿಜವಾದ ಅಪ್ಸಿಲಾನ್ ಹಿಡಿಯಿತು.

ಪಕ್ಕದ_ಪಟ್ಟಿ:

2016ರ ರನ್ ಜಿ ಮತ್ತು ಎಚ್ ನ್ಯಾನೊಎಒಡಿ (ಸಂಕ್ಷಿಪ್ತ ಕೋಷ್ಟಕ) ರೂಪದಲ್ಲಿ ಮುಕ್ತವಾಗಿದೆ, 13 ಟಿಇವಿ, ಸುಮಾರು 16.4 ವಿಲೋಮ ಫೆಮ್ಟೊಬಾರ್ನ್. ತೆರೆಯುವ ಮೊದಲೇ ಏನು ಕಾಣಬೇಕು ಎಂದು ಬರೆದಿಡಿ. 8ರಿಂದ 13 ಟಿಇವಿಗೆ ಹೋದಾಗ 800ರ ಸುತ್ತ ಕ್ವಾರ್ಕ್-ಪ್ರತಿಕ್ವಾರ್ಕ್‌ನಿಂದ ಹುಟ್ಟುವ ಜೋಡಿಗಳ ಪ್ರಮಾಣ ಸುಮಾರು 2.2 ಪಟ್ಟು ಎಂದಿಟ್ಟುಕೊಂಡರೆ, ನಿಮ್ಮ ಮೊದಲ 12 ಹೆಚ್ಚುವರಿ 37 ಆಗಬೇಕು, 16ರ ಹಿನ್ನೆಲೆ 50. ಅದು 4.7 ಸಿಗ್ಮಾ, ಕಣ್ಣಿಗೇ ಹೊಡೆಯುತ್ತದೆ. ಜಾಗ ಮೊದಲೇ ಗೊತ್ತಿರುವುದರಿಂದ ಈ ಸಲ 40 ಕಿಟಕಿಗಳ ದಂಡ ಇಲ್ಲ. ಬಾರದಿದ್ದರೆ ಕಿಟಕಿ ಅತ್ತಿತ್ತ ಸರಿಸಬೇಡಿ.

ಆಯ್ಕೆ ಹೀಗಿರಲಿ. ಟ್ರಿಗರ್ ಮ್ಯು50 ಅಥವಾ ಟಿಕೆಮ್ಯು50 (50 ಜಿಇವಿ ಮೇಲಿನ ಒಂದು ಮ್ಯುವಾನ್ ಕೇಳುವವು). ಎರಡೂ ಮ್ಯುವಾನ್ ಪಿಟಿ 53ರ ಮೇಲೆ (ಟ್ರಿಗರ್ ಏರುವ ಅಂಚಿನಿಂದ ದೂರ ಇರಲು), ಈಟಾ 2.4ರ ಒಳಗೆ. ಹೈಪಿಟಿ ಐಡಿ (ಹೆಚ್ಚಿನ ಪಿಟಿ ಮ್ಯುವಾನಿನ ಗುಣಮಟ್ಟದ ಗುರುತು), ಸುತ್ತಲಿನ ಟ್ರ್ಯಾಕ್‌ಗಳ ಮೊತ್ತ ಮ್ಯುವಾನ್ ಪಿಟಿಯ 10 ಶೇಕಡಾಕ್ಕಿಂತ ಕಡಿಮೆ, ಕೋನದ ಕಟ್ ಇದ್ದದ್ದೇ. ಜೊತೆಗೆ ಪ್ರಮಾಣೀಕೃತ ರನ್‌ಗಳ ಜೇಸನ್ ಪಟ್ಟಿ ಹಾಕಲೇಬೇಕು, ಇಲ್ಲದಿದ್ದರೆ ಡಿಟೆಕ್ಟರ್‌ನ ಒಂದು ಭಾಗ ಆಫ್ ಆಗಿದ್ದ ಹೊತ್ತಿನ ಘಟನೆಗಳೂ ಒಳಗೆ ಬರುತ್ತವೆ. ಬಹಳ ಜನ ಮರೆಯುವುದು ಇದು: ಸಾಮಾನ್ಯ ಪಿಟಿ ಕಾಲಂ ಹೆಚ್ಚಿನ ಸಂವೇಗಕ್ಕೆ ಹೇಳಿಮಾಡಿಸಿದ್ದಲ್ಲ. ಅದನ್ನು ಟ್ಯೂನ್‌ಪಿ-ರೆಲ್‌ಪಿಟಿ ಕಾಲಂನಿಂದ ಗುಣಿಸಿ ಬಳಸಿ.

ಟ್ರಿಗರ್_ತಿಮ್ಮ:

ಜೊತೆಗೆ ಎಲೆಕ್ಟ್ರಾನ್ ಜೋಡಿಗಳನ್ನೂ ನೋಡಿ. ಝಡ್-ಪ್ರೈಮ್ (ಝಡ್‌ನಂಥ, ಆದರೆ ಇನ್ನೂ ಭಾರದ ಊಹೆಯ ಕಣ) ಥರದ್ದು ಮ್ಯುವಾನಿಗೆ ಒಡೆದರೆ ಸಾಮಾನ್ಯ ಮಾದರಿಗಳಲ್ಲಿ ಎಲೆಕ್ಟ್ರಾನಿಗೂ ಅಷ್ಟೇ ಒಡೆಯಬೇಕು. ಮ್ಯುವಾನ್ ಅಳತೆ ಶಕ್ತಿ ಏರಿದಂತೆ ಕೆಡುತ್ತದೆ, ಎಲೆಕ್ಟ್ರಾನಿನ ಶಕ್ತಿ ಹಿಡಿಯುವ ಕ್ಯಾಲರಿಮೀಟರ್ ಅಳತೆ ಸುಧಾರಿಸುತ್ತದೆ. ಸಿಎಂಎಸ್‌ನ 75,848 ಸೀಸದ ಟಂಗ್‌ಸ್ಟೇಟ್ ಹರಳುಗಳು 800ರ ಬಳಿ 1–2 ಶೇಕಡಾ ಮಸುಕು ಕೊಡುತ್ತವೆ, ಹಾಗಾಗಿ ಅದೇ ಶಿಖರ ಅಲ್ಲಿ ಇನ್ನೂ ಚೂಪಾಗಿ ಏಳಬೇಕು. ಮ್ಯುವಾನ್‌ನಲ್ಲಿ ಇದೆ, ಎಲೆಕ್ಟ್ರಾನ್‌ನಲ್ಲಿ ಇಲ್ಲ ಎಂದಾದರೆ ಮೊದಲು ಟ್ರ್ಯಾಕರ್ ಅಲೈನ್‌ಮೆಂಟ್ (ಸಂವೇದಕಗಳು ಸರಿಯಾದ ಜಾಗದಲ್ಲಿವೆಯೇ ಎಂಬುದು) ಅನುಮಾನಿಸಿ. ಅದಕ್ಕೆ ಝಡ್ ಶಿಖರವೇ ತೂಕದ ಬಟ್ಟು: ಧನ ಮ್ಯುವಾನಿನ ಈಟಾ, ಫೈ ಪ್ರಕಾರ ದತ್ತಾಂಶವನ್ನು ತುಂಡು ಮಾಡಿ, ಪ್ರತಿ ತುಂಡಲ್ಲೂ ಶಿಖರ ಎಲ್ಲಿ ಕೂತಿದೆ ನೋಡಿ. ಆಮೇಲೆ ಋಣ ಮ್ಯುವಾನಿಗೂ ಅದೇ. ಎರಡೂ ವಿರುದ್ಧ ದಿಕ್ಕಿಗೆ ಸರಿದಿದ್ದರೆ ಡಿಟೆಕ್ಟರ್ ತುಸು ತಿರುಚಿದೆ ಎಂದರ್ಥ, ಮತ್ತು ಆ ತಿರುಚು 45 ಜಿಇವಿ ಮ್ಯುವಾನಿನಲ್ಲಿ ಕಂಡದ್ದಕ್ಕಿಂತ 400ರಲ್ಲಿ ಶೇಕಡಾವಾರು ಒಂಬತ್ತು ಪಟ್ಟು ಹೆಚ್ಚು ಕೆಲಸ ಕೆಡಿಸುತ್ತದೆ.