ಅಜ್ಜಯ್ಯನ ಕೋವಿ, ಹಂಡೆ, ಅಡಕತ್ತಿ ವಿಚಾರ

ಚಿಕ್ಕಪ್ಪ, ಅತ್ತೆ, ಎಲ್ರೂ ದಯವಿಟ್ಟು ಪೂರ್ತಿ ಓದಿ. ವಾಯ್ಸ್ ಕಳ್ಸೋಣ ಅಂತ ನೋಡ್ದೆ, ಈ ಮಳೇಲಿ ಇಲ್ಲಿ ನೆಟ್‌ವರ್ಕ್ ನಿಲ್ತಾ ಇಲ್ಲ, ಅದಕ್ಕೆ ಮಾತಾಡೋ ಹಾಗೇ ಟೈಪ್ ಮಾಡ್ತಿದೀನಿ.

ನಿನ್ನೆ ಅಣ್ಣ ಕೇಪಿನ ಕೋವಿ (ನಳಿಗೆ ಬಾಯಿಂದ ಮಸಿ ತುಂಬೋ ಹಳೇದು) ಬೆಂಗಳೂರಿಗೆ ತಗೊಂಡೋಗಿ ಹಾಲಲ್ಲಿ ನೇತಾಕ್ತೀನಿ ಅಂದ, ಚಿಕ್ಕಪ್ಪ ನೀವು ಜೋಡು ನಳಿಗೆ ಕೋವಿನ ಪಕ್ಕದೂರಲ್ಲಿ ಯಾರೋ ಕೇಳ್ತಿದಾರೆ ಕೊಟ್ಟು ದುಡ್ಡು ಪಾಲು ಮಾಡ್ಕೊಳ್ಳೋಣ ಅಂದ್ರಿ, ಅತ್ತೆ ತಾಮ್ರಕ್ಕೆ ಒಳ್ಳೆ ರೇಟಿದೆ ಹಂಡೆ ಕೊಟ್ಬಿಡಿ ಅಂದ್ರು. ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ.

ಮೊದ್ಲು ಕೋವಿ. ಲೈಸೆನ್ಸ್ ಇದ್ದಿದ್ದು ಅಜ್ಜಯ್ಯನ ಹೆಸರಲ್ಲಿ. ಅವ್ರು ಹೋದ ಮೇಲೆ ಅದು ನಮ್ಮ ಯಾರದ್ದೂ ಅಲ್ಲ, ಮನೇಲಿ ಇಟ್ಕೊಳ್ಳೋದೇ ತಪ್ಪು. ಆರ್ಮ್ಸ್ ಆಕ್ಟ್ 21ನೇ ಸೆಕ್ಷನ್ ಪ್ರಕಾರ ತಡ ಮಾಡ್ದೆ ಹತ್ತಿರದ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಡೀಲರ್ ಹತ್ರನೋ ಡಿಪಾಸಿಟ್ ಮಾಡ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇಲ್ದೆ ಕೋವಿ ಸಿಕ್ರೆ ಕಡಿಮೆ ಅಂದ್ರೂ 2 ವರ್ಷ ಜೈಲು, 5 ವರ್ಷದ ತನಕ ಹೋಗ್ಬಹುದು. ಅಣ್ಣ, ಹಳೇದಲ್ವಾ ಶೋಗೆ ಇಡೋದು ಅಂತೀಯ, ಆದ್ರೆ ರಿಪೇರಿ ಮಾಡಿದ್ರೂ ಹೊಡೆಯಕ್ಕಾಗಲ್ಲ ಅನ್ನೋ ಸ್ಥಿತೀಲಿ ಇದ್ರೆ ಮಾತ್ರ ಬಿಡ್ತಾರೆ, ಇದು ಮಸಿ ಚರೆ ತುಂಬಿ ಕೇಪು ಇಟ್ರೆ ಇವತ್ತೂ ಈಡು ಹೊಡೆಯುತ್ತೆ. ಚಿಕ್ಕಪ್ಪ, ಮಾರೋದಾದ್ರೂ ಆ ಕಡೆಯವರ ಹತ್ರ ಲೈಸೆನ್ಸ್ ಇರ್ಬೇಕು, ಕೈಯಿಂದ ಕೈಗೆ ಕೊಡೋ ವ್ಯವಹಾರ ಅಲ್ಲ ಇದು.

ಡಿಪಾಸಿಟ್ ಮಾಡಿದ್ರೆ ಕೈಬಿಟ್ಟು ಹೋಯ್ತು ಅಂತ ಅಲ್ಲ. ನಮ್ಮಲ್ಲಿ ಒಬ್ರು ಅಜ್ಜಯ್ಯನ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದವರ ಒಪ್ಪಿಗೆ ಪತ್ರ ಇಟ್ಟು ಡಿಸಿ ಆಫೀಸಲ್ಲಿ ಅರ್ಜಿ ಹಾಕ್ಬಹುದು, ವಾರಸುದಾರರಿಗೆ ಕೊಡಕ್ಕೆ ಅವಕಾಶ ಇದೆ. ಒಬ್ರಿಗೆ ಎರಡು ಕೋವಿ ತನಕ ಮಾತ್ರ, ನಮ್ದು ಎರಡೇ ಇರೋದು. ಹಂದಿ ಮಂಗ ಓಡ್ಸಕ್ಕೆ ತೋಟದಲ್ಲಿ ಇರೋರು ಯಾರೋ ಅವ್ರೇ ಹಾಕ್ಲಿ ಅನ್ನೋದು ನನ್ನ ಅಭಿಪ್ರಾಯ. ಹಾಕ್ದೆ ಸುಮ್ನೆ ಬಿಟ್ರೆ ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಹೋಗುತ್ತೆ, ಅದು ನೆನಪಿರ್ಲಿ.

ಅಜ್ಜಯ್ಯ ಈ ವಿಷ್ಯದಲ್ಲಿ ಎಷ್ಟು ಕಟ್ಟುನಿಟ್ಟು ಗೊತ್ತಲ್ಲ. ಪ್ರತಿ ಎಲೆಕ್ಷನ್ನಿಗೂ ಕೋವಿನ ಗೋಣಿಚೀಲದಲ್ಲಿ ಸುತ್ಕೊಂಡು ಸ್ಟೇಷನ್ನಿಗೆ ಒಪ್ಪಿಸಿ ಬರೋರು, ಆ ರಸೀದಿ ಒಂದೂ ಬಿಡ್ದೆ ಟ್ರಂಕಲ್ಲಿ ದಾರ ಕಟ್ಟಿ ಇಟ್ಟಿದಾರೆ, ನಿನ್ನೆ ನೋಡ್ದೆ. ಹುಲಿ ಉಗುರಿನ ಪೆಂಡೆಂಟ್ ಹಾಕ್ಕೊಂಡವರ ಮೇಲೆ ಕೇಸಾಗಿ ಗಲಾಟೆ ಆದ್ಮೇಲೆ 2024ರಲ್ಲಿ ಸರ್ಕಾರ ಪ್ರಾಣಿಗಳ ಕೊಂಬು ಚರ್ಮ ಒಪ್ಪಿಸಕ್ಕೆ ಮೂರು ತಿಂಗಳು ಟೈಮ್ ಕೊಟ್ಟಾಗ, ಜಗಲಿ ಗೋಡೇಲಿದ್ದ ಕಡವೆ ಕೊಂಬು ಅವರಪ್ಪನ ಕಾಲದ್ದು, ತಾವೇ ಇಳಿಸಿ ಫಾರೆಸ್ಟ್ ಆಫೀಸಿಗೆ ಕೊಟ್ಟು ಬಂದ್ರು. ಅದಿದ್ದ ಜಾಗದಲ್ಲಿ ಗೋಡೆ ಇವತ್ತಿಗೂ ಬಿಳಿಯಾಗಿದೆ, ಉಳಿದ ಕಡೆ ಎಲ್ಲ ಹೊಗೆ ಹಿಡಿದು ಕಪ್ಪು. ಅಂಥವರ ಕೋವಿನ ನಾವು ಕದ್ದುಮುಚ್ಚಿ ಮಾರೋದಾ?

ಇನ್ನು ಉಳಿದ ಸಾಮಾನು. ಅಡಕತ್ತಿ, ಸೇರು ಪಾವು, ತೂಗುದೀಪ, ಹಂಡೆ, ಅಡಿಕೆ ಲೆಕ್ಕದ ಪುಸ್ತಕಗಳು. ಇದ್ಯಾವುದಕ್ಕೂ ರೇಟ್ ಹಾಕೋ ಮೊದ್ಲು ಅಜ್ಜಿನ ಒಂದು ಮಾತು ಕೇಳಿದೀರಾ ಯಾರಾದ್ರೂ? ನಾನು ಇವತ್ತು ಬೆಳಿಗ್ಗೆ ಕೇಳ್ದೆ. ಹಂಡೆ ಒಲೆ ಮೇಲಿಂದ ಅಲುಗಾಡ್ಬಾರ್ದು, ನಾನಿರೋ ತನಕ ಅದ್ರಲ್ಲೇ ನೀರು ಕಾಯ್ಬೇಕು ಅಂದ್ರು, ಅಷ್ಟೇ. ಅಡಕತ್ತಿ ಮಾತ್ರ ಅವರ ದಿಂಬಿನ ಕೆಳಗೆ ಇತ್ತು. ಅಲಗು ಸಾಣೆ ಹಿಡಿದು ಹಿಡಿದು ಅರ್ಧಕ್ಕೆ ಸವೆದಿದೆ, ಹಿಡಿ ಅಜ್ಜಯ್ಯನ ಹೆಬ್ಬೆರಳು ಕೂರೋ ಕಡೆ ನುಣ್ಣಗಾಗಿ ಗುಳಿ ಬಿದ್ದಿದೆ, ಅದ್ರ ಮೇಲೆ ನನ್ನ ಹೆಬ್ಬೆರಳು ಇಟ್ಟು ನೋಡ್ದೆ, ಅಳು ಬಂತು. ಅದನ್ನ ಅಜ್ಜಿ ಕೈಯಿಂದ ಯಾರೂ ಕೇಳ್ಬೇಡಿ. ಉಳಿದಿದ್ದು ಯಾರಿಗೆ ಯಾವುದು ಅಂತ ವರ್ಷಾಂತಿಕಕ್ಕೆ ಎಲ್ರೂ ಬಂದಾಗ ಅಜ್ಜಿನೇ ಹೇಳ್ತಾರಂತೆ.

ಸೋಮವಾರ ಹತ್ತು ಗಂಟೆಗೆ ಎರಡೂ ಕೋವಿ, ಉಳಿದ ತೋಟಾ, ಲೈಸೆನ್ಸ್ ಪುಸ್ತಕ ಸ್ಟೇಷನ್ನಿಗೆ ಒಪ್ಪಿಸ್ತಿದೀನಿ, ದಾರೀಲಿ ತೊಂದ್ರೆ ಆಗ್ದೆ ಇರ್ಲಿ ಅಂತ ಮೊದ್ಲೇ ಫೋನ್ ಮಾಡಿ ಹೇಳಿದೀನಿ. ರಸೀದಿ ಫೋಟೋ ಇಲ್ಲೇ ಹಾಕ್ತೀನಿ. ಚಿಕ್ಕಪ್ಪ, ನೀವೂ ಬಂದ್ರೆ ಒಳ್ಳೇದು, ಒಬ್ಬನೇ ಹೋಗಿ ಕೊಟ್ಟು ಬರಕ್ಕೆ ಮನಸ್ಸು ಬರ್ತಾ ಇಲ್ಲ.