ಸಂಗೀತ ಉತ್ಸವದ ಕ್ಯಾಂಪಿಗೆ ಸಾಮಾನು ಎಳೆಯಲು ಯಾವ ಟ್ರಾಲಿ ತಗೊಳ್ಳಲಿ? ಎಳೆದವರು ಹೇಳಿ

ಕೇಳಿದವರು: ದಾವಣಗೆರೆ, ವಿದ್ಯಾನಗರ

ಡಿಸೆಂಬರಿನಲ್ಲಿ ನಾವು ನಾಲ್ಕು ಜನ, ಜೊತೆಗೆ ನನ್ನ ಆರು ವರ್ಷದ ಮಗಳು, ಮೂರು ದಿನದ ಸಂಗೀತ ಉತ್ಸವಕ್ಕೆ ಹೊರಟಿದ್ದೇವೆ. ಬಯಲಿನಲ್ಲೇ ಟೆಂಟ್ ಹಾಕಿಕೊಂಡು ಉಳಿಯಬೇಕು. ಕಾರು ನಿಲ್ಲಿಸುವ ಜಾಗದಿಂದ ಟೆಂಟಿನ ಜಾಗಕ್ಕೆ ಒಂದು ಕಿಲೋಮೀಟರಿಗಿಂತ ಜಾಸ್ತಿ ನಡೆಯಬೇಕಂತೆ. ಅರ್ಧ ಮಣ್ಣಿನ ದಾರಿ, ಅರ್ಧ ಮೆಕ್ಕೆಜೋಳ ಕೊಯ್ದ ಹೊಲ. ಎರಡು ಟೆಂಟ್, ಹಾಸಿಗೆ, ಕುರ್ಚಿ, ಒಲೆ, ನೀರು, ಅಮ್ಮ ಕಟ್ಟಿಕೊಡುವ ಮಂಡಕ್ಕಿ ಡಬ್ಬ ಎಲ್ಲಾ ಇದೆ. ಮಡಚುವ ಬಟ್ಟೆ ಬಂಡಿ ಒಂದನ್ನು ಆನ್‌ಲೈನಿನಲ್ಲಿ ನೋಡಿಟ್ಟಿದ್ದೇನೆ. 100 ಕೆಜಿ ಹೊರುತ್ತದೆ ಅಂತ ಬರೆದಿದ್ದಾರೆ. ಗೆಳೆಯ ಸೂಟ್‌ಕೇಸ್ ಕಟ್ಟುವ ಸಣ್ಣ ಟ್ರಾಲಿ ಸಾಕು ಅನ್ನುತ್ತಾನೆ. ನಮ್ಮ ಮಾವ ಗಾರೆ ಕೆಲಸದ ಒಂಟಿ ಗಾಲಿ ಗಾಡಿ ತಗೊಂಡು ಹೋಗಿ ಅಂತ ನಗುತ್ತಾರೆ. ಯಾವುದು ಸರಿ?

ಚಿತ್ರದುರ್ಗದಿಂದ

ನೀವು ನೋಡಿಟ್ಟಿರುವಂಥದ್ದೇ ಬಂಡಿ ನಾನೂ ತಗೊಂಡಿದ್ದೆ. ಈಗ ಅದರ ಬಟ್ಟೆ ಮಾತ್ರ ಉಳಿದಿದೆ. ಹೆಂಡತಿ ಅದರಲ್ಲಿ ಈರುಳ್ಳಿ ತುಂಬಿಡುತ್ತಾಳೆ.

ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆ ಗೆಳೆಯರ ತೋಟ ಇದೆ. ಅಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಭಜನೆ, ತತ್ವಪದ ಅಂತ ಕೂತಿದ್ದೆವು. ನಮ್ಮ ಮಟ್ಟಿಗೆ ಅದೇ ಸಂಗೀತ ಉತ್ಸವ. ರಸ್ತೆಯಿಂದ ತೋಟಕ್ಕೆ ಮುಕ್ಕಾಲು ಕಿಲೋಮೀಟರ್. ಬಂಡಿಗೆ ಹಾರ್ಮೋನಿಯಂ ಸೇರಿ ಸುಮಾರು 70 ಕೆಜಿ ಹೇರಿದೆವು. ಡಾಂಬರಿನ ಮೇಲೆ ಒಂದೇ ಬೆರಳಲ್ಲಿ ಎಳೆದೆ, ಬೀಗಿದೆ. ಆಮೇಲೆ ಜಲ್ಲಿ ದಾರಿ ಬಂತು. ಮುಂದಿನ ಗಾಲಿ ಪ್ರತಿ ಕಲ್ಲಿಗೂ ಗಕ್ಕನೆ ನಿಲ್ಲುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಕುಡಿದವನ ತರ ಓಲಾಡತೊಡಗಿತು. ಬಿಚ್ಚಿ ನೋಡಿದರೆ ಬೇರಿಂಗೇ ಇಲ್ಲ! ಪ್ಲಾಸ್ಟಿಕ್ ಗಾಲಿಗೆ ಒಂದು ತೂತು, ಅದರೊಳಗೆ ಕಬ್ಬಿಣದ ಸರಳು, ಅಷ್ಟೇ. ತೂತು ಸವೆದು ಮೊಟ್ಟೆ ಆಕಾರಕ್ಕೆ ಬಂದಿತ್ತು. ಹಾರ್ಮೋನಿಯಂ ತಲೆ ಮೇಲೆ ಹೊತ್ತು ನಡೆದೆವು.

100 ಕೆಜಿ ಅನ್ನುವುದು ಸುಳ್ಳು ಅಂತ ನಾನು ಹೇಳಲ್ಲ. ಸಿಮೆಂಟ್ ನೆಲದ ಮೇಲೆ ಸುಮ್ನೆ ನಿಲ್ಲಿಸಿದರೆ ಹೊರಬಹುದು. ಆದರೆ ಕಲ್ಲು ಹತ್ತಿ ಧಡ್ ಅಂತ ಇಳಿಯುವಾಗ ಭಾರವೆಲ್ಲ ಒಂದು, ಎರಡು ಗಾಲಿಯ ಮೇಲೆ ಬೀಳುತ್ತದೆ. ಹಾಗಾಗಿ ಹೊಲ, ಜಲ್ಲಿ ಅಂದರೆ ಅವರು ಬರೆದದ್ದರಲ್ಲಿ ಅರ್ಧ ಮಾತ್ರ ನಂಬಿ. ಬಂಡಿಯೇ 10-11 ಕೆಜಿ ಇರುತ್ತದೆ, ಎಳೆಯುವವರು ಅದನ್ನೂ ಎಳೆಯಬೇಕಲ್ಲ.

ಅಂಗಡಿಯಲ್ಲಿ ನೋಡಲು ಸಿಕ್ಕರೆ ಒಂದು ಬದಿ ಎತ್ತಿ ಗಾಲಿಯನ್ನು ಬೆರಳಲ್ಲಿ ತಿರುಗಿಸಿ. ಬೇರಿಂಗ್ ಇದ್ದರೆ ಸುಮಾರು ಹೊತ್ತು ಸುತ್ತುತ್ತದೆ. ಇಲ್ಲದ್ದು ಎರಡು ಸುತ್ತಿಗೆ ನಿಲ್ಲುತ್ತದೆ. ಆಮೇಲೆ ಗಾಲಿಯನ್ನು ಹಿಡಿದು ಆಚೀಚೆ ಅಲುಗಾಡಿಸಿ. ಹೊಸದರಲ್ಲೇ ಗಡಗಡ ಅಂದರೆ ವಾಪಸ್ ಇಟ್ಟುಬಿಡಿ. ಬಟ್ಟೆ ಎಷ್ಟು ದಪ್ಪ, ಬಾಟಲಿಗೆ ಜೇಬು ಎಷ್ಟು ಅಂತ ನೋಡುತ್ತಾ ನಿಂತರೆ ನನ್ನ ಗತಿಯೇ.

ದಾವಣಗೆರೆ, ಅಕ್ಕಿ ಗಿರಣಿಯಲ್ಲಿ 20 ವರ್ಷ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಹೂಂ. ನಮ್ಮ ಗಿರಣಿಯಲ್ಲಿ ಮೂಟೆ ಸಾಗಿಸುವ ಎರಡು ಗಾಲಿಯ ಕೈಗಾಡಿ ಇದೆ. ಒಬ್ಬ ಹಮಾಲಿ ನಾಲ್ಕು ಮೂಟೆ ಇಟ್ಟು ಹಾಯಾಗಿ ತಳ್ಳುತ್ತಾನೆ. ಅದೇ ಗಾಡಿಯನ್ನು ಅಂಗಳದ ಹಸಿ ಮಣ್ಣಿಗೆ ಇಳಿಸಿದರೆ ಒಂದೇ ಮೂಟೆಗೆ ಹೂತುಕೊಳ್ಳುತ್ತದೆ. ಗಾಡಿ ಬದಲಾಗಿಲ್ಲ, ಆಳು ಬದಲಾಗಿಲ್ಲ, ನೆಲ ಬದಲಾಯಿತು. ನಿಮ್ಮ ಗೆಳೆಯ ಹೇಳಿದ ಸೂಟ್‌ಕೇಸ್ ಟ್ರಾಲಿ ರೈಲ್ವೆ ಪ್ಲಾಟ್‌ಫಾರಂ ಇಳಿದ ಕೂಡಲೇ ಹೊರೆ.

ಎತ್ತಿನ ಗಾಡಿಯ ಗಾಲಿ ನಾಲ್ಕು ಅಡಿಗಿಂತ ಎತ್ತರ ಯಾಕೆ ಇರುತ್ತಿತ್ತು ಅಂತ ಯೋಚನೆ ಮಾಡಿದ್ದೀರಾ? ಎರಡು ಇಂಚಿನ ಕಲ್ಲು ದೊಡ್ಡ ಗಾಲಿಗೆ ಇಳಿಜಾರು ಇದ್ದ ಹಾಗೆ, ಹತ್ತಿ ಹೋಗುತ್ತದೆ. ಸಣ್ಣ ಗಾಲಿಗೆ ಅದು ಗೋಡೆ. ಮಡಚುವ ಬಂಡಿಗಳ ಗಾಲಿ ಸಾಮಾನ್ಯವಾಗಿ 7 ಇಂಚು ಇರುತ್ತದೆ. ಕೊಯ್ದ ಮೆಕ್ಕೆಜೋಳದ ಕೂಳೆ ಗಟ್ಟಿ ಗೂಟ ಇದ್ದ ಹಾಗೆ. 7 ಇಂಚಿನ ಗಾಲಿ ಅದಕ್ಕೆ ಮೂಗು ತಾಗಿಸಿ ನಿಲ್ಲುತ್ತದೆ. 10 ಇಂಚಿಗೆ ಹೋಗಿ. ಅಗಲವೂ ಬೇಕು. ಎರಡು ಬೆರಳಿನಷ್ಟು ಸಣ್ಣ ಗಾಲಿ ಸಡಿಲ ಮಣ್ಣನ್ನು ಚಾಕುವಿನ ತರ ಕೊಯ್ದು ಒಳಗೆ ಇಳಿಯುತ್ತದೆ. ನಾಲ್ಕು ಬೆರಳು ಅಗಲ ಇದ್ದರೆ ಮೇಲೆ ನಿಲ್ಲುತ್ತದೆ.

ಮಾವನ ಒಂಟಿ ಗಾಲಿ ಗಾಡಿಗೆ ನಗಬೇಡಿ. ಸಣ್ಣ ಕಾಲುದಾರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ತೊಂದರೆ ಏನೆಂದರೆ ಭಾರದಲ್ಲಿ ಒಂದು ಪಾಲು ನಿಮ್ಮ ರಟ್ಟೆ ಮೇಲೇ ಇರುತ್ತದೆ. ಕಟ್ಟಡದ ಕೆಲಸದಲ್ಲಿ 50 ಮೀಟರ್ ತಳ್ಳಿ ಇಳಿಸುತ್ತಾರೆ. ನೀವು ಒಂದು ಕಿಲೋಮೀಟರ್ ತಳ್ಳಿದರೆ ರಾತ್ರಿ ಚಪ್ಪಾಳೆ ಹೊಡೆಯಲು ಕೈ ಏಳುವುದಿಲ್ಲ.

ದಾವಣಗೆರೆ, ಎಂ.ಸಿ.ಸಿ. ಬಿ ಬ್ಲಾಕ್ (ಮೊದಲು ಬ್ರಿಸ್ಟಲ್)

ಕೆಲಸಕ್ಕೆ ಅಂತ ಇಂಗ್ಲೆಂಡಿನಲ್ಲಿದ್ದಾಗ 2016ರಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಉತ್ಸವಕ್ಕೆ ಹೋಗಿದ್ದೆ. ಅದು ನಡೆಯುವುದು ಸಾಮರ್ಸೆಟ್‌ನ ಪಿಲ್ಟನ್ ಅನ್ನುವ ಹಳ್ಳಿಯ ಹತ್ತಿರದ ಹೈನುಗಾರಿಕೆ ಜಮೀನಿನಲ್ಲಿ. 1970ರಲ್ಲಿ ಆ ಜಮೀನಿನ ರೈತ ಮೈಕೆಲ್ ಈವಿಸ್ ಶುರು ಮಾಡಿದಾಗ ಟಿಕೆಟ್ ಒಂದು ಪೌಂಡ್, ಜೊತೆಗೆ ಹಾಲು ಪುಕ್ಕಟೆ. ನಮ್ಮ ಕಾಲಕ್ಕೆ ಹಾಲೂ ಇಲ್ಲ, ಒಂದು ಪೌಂಡಿಗೆ ಟೀಯೂ ಇಲ್ಲ.

ಆ ವರ್ಷದ ಕೆಸರು ಅಲ್ಲಿ ಹೆಸರುವಾಸಿ. ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕು ಅಂತ ಜನಮತದ ಫಲಿತಾಂಶ ಬಂದದ್ದೂ ಅದೇ ಶುಕ್ರವಾರ ಬೆಳಿಗ್ಗೆ. ಟೆಂಟಿನಿಂದ ಹೊರಗೆ ಬಂದರೆ ಜನರ ಮುಖವೂ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಇರಲಿ, ವಿಷಯ ಟ್ರಾಲಿ.

ನಮ್ಮ ತಂಡದ ಟ್ರಾಲಿಗೆ ಗಾಳಿ ತುಂಬಿದ 10 ಇಂಚಿನ ಟೈರ್ ಇತ್ತು. ಗಟ್ಟಿ ಹುಲ್ಲಿನ ಮೇಲೆ ಸೊಗಸಾಗಿ ಬಂತು. ಕೆಸರಿಗೆ ಬಂದ ಮೇಲೆ ಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಆಮೇಲೆ ನಾವು ಟ್ರಾಲಿ ಎಳೆಯಲಿಲ್ಲ, ಉಳುಮೆ ಮಾಡಿದೆವು. ಕೊನೆಗೆ ಇಬ್ಬರು ಮುಂದೆ, ಇಬ್ಬರು ಹಿಂದೆ ನಿಂತು ಎತ್ತಿಕೊಂಡೇ ನಡೆದೆವು. ನಮ್ಮ ಪಕ್ಕದಲ್ಲಿ ಒಬ್ಬ ಮಕ್ಕಳು ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ತಟ್ಟೆಗೆ ಹಗ್ಗ ಕಟ್ಟಿ, ಅದರಲ್ಲಿ ಸಾಮಾನಿಟ್ಟು ಜಾರಿಸಿಕೊಂಡು ಹೋದ. ಹೊಟ್ಟೆ ಉರಿಯಿತು.

ಎರೆ ಮಣ್ಣಿನ ಹೊಲ ಅಂದರೆ ಅಕಾಲ ಮಳೆ ಬಂದರೆ ಇದೇ ಕಥೆ. ಗಾಲಿಯ ಸುತ್ತ ಕೈಬೆರಳು ಆಡುವಷ್ಟು ಖಾಲಿ ಜಾಗ ಇದೆಯಾ ನೋಡಿ. ಗಾಲಿ ಮೇಲೆ ಮಡ್‌ಗಾರ್ಡ್ ತರ ಏನಾದರೂ ಇದ್ದರೆ ಕಿತ್ತುಹಾಕಿ. ಒಂದು ದಪ್ಪ ಟಾರ್ಪಾಲಿನ್ ಇಟ್ಟುಕೊಳ್ಳಿ. ಬಿಸಿಲಿಗೆ ನೆರಳು, ರಾತ್ರಿ ಇಬ್ಬನಿಗೆ ಹೊದಿಕೆ, ಕೆಸರಾದರೆ ಸಾಮಾನು ಅದರ ಮೇಲೆ ಇಟ್ಟು ಎಳೆಯಬಹುದು.

ಚಳ್ಳಕೆರೆಯಿಂದ

ಗಾಳಿ ಟೈರ್ ಹೊಗಳುವವರೆಲ್ಲ ನಮ್ಮ ಕಡೆ ಒಂದು ಸಲ ಬನ್ನಿ. ಬಳ್ಳಾರಿ ಜಾಲಿ ಮುಳ್ಳು ನಿಮಗಾಗಿ ಕಾಯುತ್ತಿದೆ.

ನಾಯಕನಹಟ್ಟಿ ಜಾತ್ರೆಗೆ ನಾವು ಪ್ರತಿ ವರ್ಷ ಹೋಗುತ್ತೇವೆ. ಫಾಲ್ಗುಣದ ಬಿಸಿಲು. ಗಾಡಿ ದೂರದಲ್ಲೇ ನಿಲ್ಲಿಸಿ, ಅಡಿಗೆ ಸಾಮಾನು, ಚಾಪೆ, ನೀರಿನ ಕ್ಯಾನು ಎಲ್ಲಾ ಎಳೆದುಕೊಂಡು ಹೋಗಿ ಬಯಲಲ್ಲಿ ಉಳಿಯುತ್ತೇವೆ. ಸಂಗೀತ ಬೇಕಾದರೆ ಅಲ್ಲೂ ಇದೆ, ಡೊಳ್ಳು ರಾತ್ರಿಯಿಡೀ. ಮೊದಲ ವರ್ಷ ಗಾಳಿ ಟೈರಿನ ಗಾಡಿ ತಂದಿದ್ದೆವು. ಹೋಗುವಾಗ ಒಂದು ಪಂಕ್ಚರ್, ಬರುವಾಗ ಎರಡು. ಸಣ್ಣ ಟ್ಯೂಬಿನ ವಾಲ್ವು ಒಳಗೆ ಮುದುರಿ ಕೂತಿರುತ್ತದೆ. ಸೈಕಲ್ ಪಂಪಿನ ಬಾಯಿ ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಪಂಕ್ಚರ್ ಅಂಗಡಿಯವನು ನೋಡಿ, "ಇದು ಆಟದ ಸಾಮಾನಾ?" ಅಂದ.

ಈಗ ನಮ್ಮ ಗಾಡಿಗೆ ಒಳಗೆಲ್ಲ ಫೋಮ್ ತುಂಬಿದ ಟೈರ್. ಪಂಕ್ಚರ್ ಇಲ್ಲ. ಕಲ್ಲಿನ ಮೇಲೆ ಗಾಳಿ ಟೈರಿನಷ್ಟು ಮೆತ್ತಗೆ ಹೋಗಲ್ಲ, ತೂಕ ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ. ಆದರೆ ರಾತ್ರಿ ಹತ್ತು ಗಂಟೆಗೆ ಬಯಲಿನಲ್ಲಿ ಟಾರ್ಚ್ ಹಿಡಿದು ಮುಳ್ಳು ಹುಡುಕುವ ಕೆಲಸ ತಪ್ಪಿತು. ಗಾಳಿ ಟೈರೇ ಬೇಕು ಅಂದರೆ ಟ್ಯೂಬಿನೊಳಗೆ ಹಾಕುವ ಸೀಲೆಂಟ್, ಅಂದರೆ ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ, ಹೊರಡುವ ಮೊದಲೇ ಹಾಕಿಸಿ. ಪಂಪನ್ನು ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಮಾತು ನಮ್ಮ ಮನೆಯಲ್ಲಿ ಟ್ರಾಲಿಗೂ ಬಂದಿದೆ. ಅಜ್ಜಿ ಇನ್ನೊಂದು ಚೀಲ ತಂದರೆ ನಾವು "ಗಾಲಿ ತಾಳಿದಷ್ಟು ಹೇರಜ್ಜಿ" ಅನ್ನುತ್ತೇವೆ.

ಹೊಳಲ್ಕೆರೆಯಿಂದ

ಟ್ರಾಲಿ ಯಾಕೆ? ಬೆನ್ನಿಗೊಂದು ಚೀಲ, ಎರಡು ಸಲ ಓಡಾಡಿ. ನಾನು ಕುರ್ಚಿ ತಗೊಂಡು ಹೋಗಿದ್ದೇ ಇಲ್ಲ.

ಮೇಲಿನವರಿಗೆ, ದಾವಣಗೆರೆಯಿಂದ ಒಬ್ಬ ತಾಯಿ

ನಿಮ್ಮ ಜೊತೆ ಆರು ವರ್ಷದ ಮಗು ಬಂದಿಲ್ಲ ಅಂತ ಕಾಣುತ್ತದೆ! ಎರಡು ಸಲ ಓಡಾಡುವಾಗ ಮಗುವನ್ನೂ ಸಾಮಾನನ್ನೂ ಯಾರು ನೋಡಿಕೊಳ್ಳುತ್ತಾರೆ?

ಕೇಳಿದವರಿಗೆ ನನ್ನದು ಬೇರೆಯೇ ಮಾತು. ಹಿಂದಿರುಗುವ ರಾತ್ರಿ ಮಗಳು ಖಂಡಿತ ಬಂಡಿಯಲ್ಲಿ ಕೂರುತ್ತಾಳೆ, ಮಲಗುತ್ತಾಳೆ. ಹಾಗಾಗಿ ನಾಲ್ಕು ಗಾಲಿಯದ್ದೇ ತಗೊಳ್ಳಿ. ಎರಡು ಗಾಲಿಯದ್ದನ್ನು ನಿಲ್ಲಿಸಿದಾಗಲೆಲ್ಲ ಓರೆ ಆಗುತ್ತದೆ. ನಾಲ್ಕು ಗಾಲಿಯದ್ದನ್ನು ಗಕ್ಕನೆ ತಿರುಗಿಸಬೇಡಿ. ಮುಂದಿನ ಗಾಲಿ ಅಡ್ಡ ಆದಾಗಲೇ ಬಂಡಿ ಮಗುಚುವುದು. ನಮ್ಮದು ಹಾಗೇ ಮಗುಚಿ ಒಗ್ಗರಣೆ ಹಾಕಿದ ಮಂಡಕ್ಕಿ ಪೂರ್ತಿ ನೆಲಕ್ಕೆ. ದಾವಣಗೆರೆಯವರಿಗೆ ಅದಕ್ಕಿಂತ ಅವಮಾನ ಏನಿದೆ ಹೇಳಿ.

ಭಾರದ ಸಾಮಾನು ಕೆಳಗೆ, ಹಿಂದಿನ ಗಾಲಿಯ ಹತ್ತಿರ. ಹಾಸಿಗೆ, ಬಟ್ಟೆ ಮೇಲೆ. ಮುಂಭಾಗ ಹಗುರ ಇದ್ದರೆ ಹಿಡಿ ಎತ್ತಿ ಎಳೆದಾಗ ಮುಂದಿನ ಗಾಲಿ ಕಲ್ಲು ಹತ್ತುತ್ತದೆ. ಹಿಡಿ ಉದ್ದ ಇರಲಿ. ಗಿಡ್ಡ ಇದ್ದರೆ ಬಂಡಿ ಹಿಮ್ಮಡಿಗೆ ಬಂದು ಬಡಿಯುತ್ತದೆ. ಇಳಿಜಾರಿನಲ್ಲಿ ಒಬ್ಬರು ಹಿಂದಿನಿಂದ ಹಗ್ಗ ಹಿಡಿದಿರಬೇಕು, ಈ ಬಂಡಿಗಳಲ್ಲಿ ಬಹಳಷ್ಟಕ್ಕೆ ಬ್ರೇಕ್ ಇರಲ್ಲ.

ಹರಿಹರ, ವೆಲ್ಡಿಂಗ್ ಕೆಲಸ

ಬಂಡಿ ಮೇಲೆ ಚೆನ್ನಾಗಿದ್ದು ಗಾಲಿ ಮಾತ್ರ ಕೆಟ್ಟದ್ದು ಅಂದರೆ ಗಾಲಿ ಬದಲಾಯಿಸಬಹುದು. ಹಿಂದಿನ ಎರಡಕ್ಕೆ ಒಂದೇ ಉದ್ದ ಸರಳಿನ ಅಚ್ಚು ಹಾಕಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೇರಿಂಗ್ ಇರುವ 10 ಇಂಚಿನ ಗಾಲಿ ಕೂರಿಸಿ. ತುದಿಗೆ ವಾಷರ್, ಆಮೇಲೆ ಸೀಳುಪಿನ್ನು. ಹಳೇ ಗಾಡಿಯ ಕಡಾಣಿ ಇದ್ದ ಹಾಗೆ. ನಾಲ್ಕು ಪಿನ್ನು ಜೇಬಿನಲ್ಲಿ ಜಾಸ್ತಿ ಇರಲಿ, ಬಿದ್ದು ಹೋಗುವುದು ಅದೇ. ಒಂದು ಎಚ್ಚರ: ಹಿಂದೆ ಮಾತ್ರ ದೊಡ್ಡ ಗಾಲಿ ಹಾಕಿದರೆ ಬಂಡಿ ಮುಂದಕ್ಕೆ ಬಾಗುತ್ತದೆ, ಅಚ್ಚು ಅಷ್ಟು ಮೇಲೆ ಕೂರಿಸಬೇಕು. ಮತ್ತೆ ಮಡಚಲು ಬರುತ್ತದಾ ಅಂತ ಮೊದಲೇ ಅಳೆದು ನೋಡಿ. ಕೆಲವು ಬಂಡಿಗಳಲ್ಲಿ ಬರಲ್ಲ. ಕಾರಿನ ಡಿಕ್ಕಿಯನ್ನೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಾಮಾನೆಲ್ಲ ಹಜಾರದಲ್ಲಿ ಹರಡಿ ತೂಕ ಹಾಕಿದೆ. 93 ಕೆಜಿ ಬಂತು. ಅದರಲ್ಲಿ 40 ಕೆಜಿ ಬರೀ ನೀರು, 20 ಲೀಟರಿನ ಎರಡು ಕ್ಯಾನು. ನಡೆಸುವವರಿಗೆ ಫೋನ್ ಮಾಡಿದರೆ ಕುಡಿಯುವ ನೀರು ಅಲ್ಲೇ ಸಿಗುತ್ತದಂತೆ, ಒಲೆ ಹಚ್ಚಲು ಬಿಡುವುದಿಲ್ಲವಂತೆ. ಖಾಲಿ ಕ್ಯಾನು ಒಂದು ಸಾಕು. ಒಲೆ, ಪಾತ್ರೆ, ಎರಡು ಕುರ್ಚಿ ತೆಗೆದೆ. ಈಗ 41 ಕೆಜಿ. ಮಗಳು ಕೂತರೆ 60.

10 ಇಂಚಿನ ಫೋಮ್ ಟೈರ್, ಬೇರಿಂಗ್ ಇರುವ ನಾಲ್ಕು ಗಾಲಿ ಬಂಡಿ ಒಂದು ಸಿಕ್ಕಿತು. ಮಡಚುವುದಿಲ್ಲ, ಆದರೆ ಬದಿಗಳನ್ನು ಬಿಚ್ಚಿದರೆ ಡಿಕ್ಕಿಗೆ ಹಿಡಿಸುತ್ತದೆ, ಟೇಪಿನಲ್ಲಿ ಅಳೆದೇ ತಗೊಂಡೆ. ಇವತ್ತು ಬೆಳಿಗ್ಗೆ ಮಗಳನ್ನೂ ಎರಡು ಅಕ್ಕಿ ಚೀಲವನ್ನೂ ಕೂರಿಸಿಕೊಂಡು ಬಡಾವಣೆಯ ಖಾಲಿ ಸೈಟುಗಳಲ್ಲಿ ಎಳೆದು ನೋಡಿದೆ. ಕಲ್ಲು ಹತ್ತಿತು, ಮಗುಚಲಿಲ್ಲ. ವಾಕಿಂಗ್ ಬಂದಿದ್ದ ಅಜ್ಜ ಒಬ್ಬರು ನಿಂತು ಅಕ್ಕಿ ಕೆಜಿಗೆ ಎಷ್ಟು ಅಂತ ಕೇಳಿದರು.