ಸರಳವಾಗಿ ಬದುಕುವ ಆಮಿಶ್ ಮನೆಗಳಲ್ಲಿ ಇಷ್ಟೊಂದು ಸಿಹಿ ಯಾಕೆ?

ತಿಪಟೂರು ಸೊಸೆ:
ನನ್ನ ನಾದಿನಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಹೋದ ವಾರ ಲ್ಯಾಂಕಾಸ್ಟರ್ ಕಡೆ ಹೋಗಿದ್ದಾಗ ಒಬ್ಬ ಆಮಿಶ್ ಹೆಂಗಸು ಮನೆ ಮುಂದೆ ಮಾರುತ್ತಿದ್ದ ಪೈ (ಹಿಟ್ಟಿನ ಹಾಳೆಯಲ್ಲಿ ಸಿಹಿ ಹೂರಣ ತುಂಬಿ ಬೇಯಿಸಿದ ತಿಂಡಿ) ಕೊಂಡು ಫೋಟೋ ಕಳಿಸಿದ್ದಳು. ಆಮಿಶ್ ಅಂದರೆ ಅಲ್ಲಿನ ಒಂದು ಕ್ರೈಸ್ತ ಪಂಗಡದವರು. ಕಾರು ಇಟ್ಟುಕೊಳ್ಳಲ್ಲ, ಓಡಾಟಕ್ಕೆ ಕುದುರೆ ಗಾಡಿ, ಮನೆಗೆ ಕರೆಂಟ್ ಲೈನ್ ಎಳೆಸಲ್ಲ, ಬಟ್ಟೆಯೂ ಸಾದಾ. ಅಷ್ಟೆಲ್ಲ ಬಿಟ್ಟವರು ಸಿಹಿ ಮಾತ್ರ ಯಾಕೆ ಬಿಡಲಿಲ್ಲ? ನಮ್ಮಲ್ಲಿ ಒಬ್ಬಟ್ಟು ಅಂದರೆ ಯುಗಾದಿಗೋ ಗೌರಿ ಹಬ್ಬಕ್ಕೋ ಅಷ್ಟೇ ಅಲ್ವಾ.

ತುಮಕೂರು, ಮೊದಲು ಒಹಾಯೋ:
ಒಹಾಯೋ ರಾಜ್ಯದ ಹೋಮ್ಸ್ ಕೌಂಟಿ ಹತ್ತಿರ ಆರು ವರ್ಷ ಇದ್ದೆ, ಅಕ್ಕಪಕ್ಕ ತುಂಬಾ ಆಮಿಶ್ ಮನೆಗಳಿದ್ದವು. ಕಾರು ಬಂದರೆ ಜನ ಊರು ಬಿಟ್ಟು ದೂರ ದೂರ ಹೋಗುತ್ತಾರೆ, ಅದಕ್ಕೇ ಬೇಡ ಅಂತಾರೆ. ಸಿಹಿ ಎಲ್ಲರನ್ನೂ ಒಂದು ಮೇಜಿಗೆ ತರುತ್ತೆ, ಅದಕ್ಕೇನು ತಕರಾರು ಮೇಡಂ?

ಅವರಲ್ಲಿ ಹೆಚ್ಚಿನವರಿಗೆ ಚರ್ಚ್ ಕಟ್ಟಡವೇ ಇಲ್ಲ. ಎರಡು ವಾರಕ್ಕೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ, ಸುಮಾರು ಮೂರು ಗಂಟೆ. ಕೂರುವ ಬೆಂಚುಗಳೂ ಗಾಡಿಯಲ್ಲಿ ಆ ಮನೆಗೆ ಬರುತ್ತವೆ. ಆಮೇಲೆ ಎಲ್ಲರಿಗೂ ಅಲ್ಲೇ ಊಟ: ಬ್ರೆಡ್, ಕಡಲೆಕಾಯಿ ಬೆಣ್ಣೆ, ಉಪ್ಪಿನಕಾಯಿ, ಪೈ ಅಥವಾ ಕುಕೀಸ್. ಭಾನುವಾರ ಒಲೆ ಮುಂದೆ ನಿಲ್ಲೋ ಹಾಗಿರಬಾರದು, ಅದಕ್ಕೆ ಶನಿವಾರವೇ ಮಾಡಿಡುವಂಥದ್ದು ಬೇಕು. ಪೈ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಲ್ಯಾಂಕಾಸ್ಟರ್‌ನ ಶೂಫ್ಲೈ ಪೈಗೆ ಹಣ್ಣೂ ಬೇಡ. ನಮ್ಮ ಜೋನಿ ಬೆಲ್ಲದ ಥರದ್ದೇ, ಇನ್ನೂ ಕಪ್ಪಗಿನ ಮೊಲಾಸಿಸ್ ಪಾಕ, ಮೇಲೆ ಹಿಟ್ಟು, ಸಕ್ಕರೆ, ಬೆಣ್ಣೆ ಉದುರುದುರಾಗಿ ಕಲಸಿ ಹಾಕುತ್ತಾರೆ. ಬೆಳಿಗ್ಗೆ ಕಾಫಿ ಜೊತೆಗೂ ತಿನ್ನುತ್ತಾರೆ.

ಚಿಕ್ಕಬಳ್ಳಾಪುರ ತೋಟ:
ನಮ್ಮದು ದ್ರಾಕ್ಷಿ ತೋಟ, ಅದಕ್ಕೇ ಇದು ನೆನಪಿದೆ. ಆ ಕಡೆ ಒಣದ್ರಾಕ್ಷಿ ಪೈಗೆ ಸಾವಿನ ಪೈ ಅಂತಲೇ ಹೆಸರು. ಸಾವು ಕಾಲ ನೋಡಿ ಬರಲ್ಲ. ಒಣದ್ರಾಕ್ಷಿ ಯಾವ ತಿಂಗಳಲ್ಲೂ ಮನೆಯಲ್ಲಿರುತ್ತೆ, ಆ ಪೈ ಫ್ರಿಜ್ ಇಲ್ಲದೆಯೂ ಬೇಗ ಕೆಡಲ್ಲ. ಅದನ್ನು ಮಾಡಿಕೊಂಡು ಸಾವಿನ ಮನೆಗೆ ಹೋಗುತ್ತಾರೆ.

ಅಪ್ಪ ತೀರಿಕೊಂಡಾಗ ನಮ್ಮ ಮನೆಯಲ್ಲೂ ಒಲೆ ಹಚ್ಚಲಿಲ್ಲ, ಪಕ್ಕದ ಮನೆಯವರು ಅನ್ನ ಸಾರು ತಂದು ಕೂರಿಸಿ ಉಣ್ಣಿಸಿದರು. ಆದರೆ ಸಿಹಿಯನ್ನು ಮಾತ್ರ ಯಾರೂ ತರಲಿಲ್ಲ, ಅದು ತಿಥಿ ದಿನವೇ. ದುಃಖದ ಮನೆಗೆ ಮೊದಲ ದಿನವೇ ಸಿಹಿ ಹೊತ್ತು ಹೋಗೋದು ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಈಗ ಅನ್ನಿಸಲ್ಲ.

ಶ್ರೀನಿವಾಸಪುರ:
ಒಣಗಿಸಿದ ಸೇಬಿನ ಪೈಯನ್ನೂ ಹೇಳಬೇಕು. ಸೇಬಿನ ಕಾಲದಲ್ಲಿ ಹೋಳು ಮಾಡಿ ಒಣಗಿಸಿಟ್ಟು ಚಳಿಗಾಲವಿಡೀ ಬಳಸುತ್ತಾರೆ, ಅದನ್ನ ಸ್ನಿಟ್ಸ್ ಅಂತಾರೆ. ನಮ್ಮಜ್ಜಿ ಮಾವಿನ ರಸವನ್ನು ತಟ್ಟೆಗೆ ಸವರಿ, ಒಣಗಿದ ಮೇಲೆ ಮತ್ತೆ ಸವರಿ, ಮಾಳಿಗೆ ಮೇಲೆ ಒಣಗಿಸುತ್ತಿದ್ದಳು. ಕಾಗೆ ಕಾಯೋ ಕೆಲಸ ನಂದು. ಹಣ್ಣು ಒಟ್ಟಿಗೆ ಬಂದಾಗ ಒಂದೂ ಹಾಳಾಗಬಾರದು, ಎರಡೂ ಕಡೆ ಇದೇ ಲೆಕ್ಕ. ಆದರೆ ಇದೆಲ್ಲ ಹೆಂಗಸರ ದುಡಿಮೆ, ಸುಮ್ನೆ ರುಚಿ ಅಂತ ಹೇಳಿ ಮುಗಿಸಬೇಡಿ. ಎಷ್ಟೋ ಮನೆಗಳಿಗೆ ರಸ್ತೆ ಬದಿ ಪೈ ಮಾರಿದ ದುಡ್ಡೂ ಸಂಸಾರಕ್ಕೆ ಆಗುತ್ತೆ.

ತಿಪಟೂರು ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ನಾದಿನಿಗೆ ಈಗಲೇ ಕಳಿಸುತ್ತೇನೆ. ಮುಂದಿನ ಭಾನುವಾರ ಮತ್ತೆ ಹೋಗುತ್ತಾಳಂತೆ.

ತುಮಕೂರು, ಮೊದಲು ಒಹಾಯೋ:
ಶನಿವಾರ ಹೋಗಲು ಹೇಳಿ. ಭಾನುವಾರ ಅವರು ಏನೂ ಮಾರಲ್ಲ.